ಮನಾಂಗ್ ಲುಮೆನ್‌ಗೆ ನಾನು ಆರಿಸಿದ ಲ್ಯಾಪ್‌ಟಾಪ್

ಜನವರಿ 18, ಶನಿವಾರ

ಬೆಳಗ್ಗೆ ಆರೂವರೆಯ ಜೀಪ್ನಿ ಹಿಡಿದು ಮನಾಂಗ್ ಲುಮೆನ್ ಜೊತೆ ಇಲೋಯಿಲೋ ಪೇಟೆಗೆ ಹೋದೆ. ಅವರಿಗೊಂದು ಲ್ಯಾಪ್‌ಟಾಪ್ ಆರಿಸಬೇಕಿತ್ತು. ಬರುವ ವಾರ ದಿನಾಗ್ಯಾಂಗ್ ಹಬ್ಬ. ಬೀದಿಬೀದಿಯಲ್ಲಿ ಡೋಲಿನ ಅಭ್ಯಾಸ ನಡೆದಿತ್ತು, ಅಂಗಡಿಯವರು ಹೇಳಿದ್ದು ಅರ್ಧ ಕೇಳಿಸಲಿಲ್ಲ.

ಪಕ್ಕದ ಮನೆಯವರು, ಊರಿಗೆಲ್ಲ ಮನಾಂಗ್, ಅಂದರೆ ಅಕ್ಕ. ಮೂವತ್ತೊಂದು ವರ್ಷ ನಮ್ಮ ಮಿಯಾಗಾವ್ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದರು. ಅಷ್ಟು ವರ್ಷದಲ್ಲಿ ಒಂದು ಕಾಗದವನ್ನೂ ಕಳೆದಿಲ್ಲ ಅಂತ ಈಗಲೂ ಹೇಳಿಕೊಳ್ಳುತ್ತಾರೆ. ಹೋದ ವರ್ಷದಿಂದ ಅವರಿಗೊಂದು ಹೊಸ ಹುಚ್ಚು: ಫೋನಿನಲ್ಲಿ ಪಾಠ ನೋಡಿ ವೆಬ್ ಪುಟ ಬರೆಯೋದು. ಅಂಗೈಯಷ್ಟು ಪರದೆಯಲ್ಲಿ ಎರಡು ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಹಸಿರು ಹಿನ್ನೆಲೆಯ ಮೇಲೆ ತಮ್ಮ ಹೆಸರು ಮೂಡಿಸಿದ ದಿನ ನಮ್ಮ ಮನೆಗೆ ಓಡಿಬಂದಿದ್ದರು. ಅರವತ್ತಮೂರು ವರ್ಷದವರು, ಚಪ್ಪಲಿ ಸಹ ಹಾಕಿಕೊಳ್ಳದೆ.

ಅವರು ಮಾಡಬೇಕೆಂದಿರುವ ಸೈಟು ಒಗಟುಗಳದ್ದು. ಗುಡ್ಡದ ಕಡೆ ಮಗ್ಗದ ಮನೆಯಲ್ಲಿ ಲೋಲಾ ಇಸ್ಯಾಂಗ್ ಇದ್ದಾರಲ್ಲ, ತೊಂಬತ್ತೊಂದರ ಅಜ್ಜಿ, ಅವರ ಬಾಯಲ್ಲಿ ನೂರಾರು ಒಗಟು. ಅವರ ಅಮ್ಮ, ಅಮ್ಮನ ಅಮ್ಮ ನೇಯುತ್ತಾ ಹೇಳುತ್ತಿದ್ದಂಥವು. ಬೇರೆ ಯಾರಿಗೂ ಅಷ್ಟು ಬರುವುದಿಲ್ಲ. ಮನಾಂಗ್ ಅವನ್ನೆಲ್ಲ ಪುಟ ಮಾಡಿ ಹಾಕುತ್ತಾರಂತೆ.

ಊರಲ್ಲಿ ಕಂಪ್ಯೂಟರ್ ಅಂದರೆ ನಾನೇ ತಾನೆ. ನೀರಿನ ಕಚೇರಿಯ ಗುಮಾಸ್ತ ಆದರೂ ಚರ್ಚಿನ ಸೈಟು ಮಾಡಿದವನು ನಾನು, ನೇಕಾರರ ಸಂಘದ ಪುಟ ಮಾಡಿದವನೂ ನಾನು. ಮೂರು ಅಂಗಡಿ ಸುತ್ತಿಸಿದೆ. ಅಕ್ಷರ ದೊಡ್ಡದಾಗಿ ಕಾಣಬೇಕು, ಕೀಲಿಗಳು ಗಟ್ಟಿಯಾಗಿರಬೇಕು, ಗುಡ್ಡ ಹತ್ತುವಾಗ ಹೆಗಲಿಗೆ ಭಾರ ಆಗಬಾರದು, ಅಲ್ಲಿ ಕರೆಂಟ್ ಹೋಗೋದು ಜಾಸ್ತಿಯಾದ್ದರಿಂದ ಬ್ಯಾಟರಿ ತಡೆಯಬೇಕು. ಇಷ್ಟಿದ್ದರೆ ಸಾಕು, ಉಳಿದದ್ದೆಲ್ಲ ಆಟ ಆಡುವವರಿಗೆ ಅಂದೆ. ಮನಾಂಗ್ ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಅಂಗಡಿಯ ಹುಡುಗಿ ಎಂಟು ಜಿಬಿ ಮೆಮೊರಿಗೂ ಹದಿನಾರಕ್ಕೂ ಇರುವ ವ್ಯತ್ಯಾಸ ವಿವರಿಸಲು ಶುರುಮಾಡಿದಾಗ ನನ್ನ ಮುಖ ನೋಡಿದರು.

“ನಂಗೆ ತಲೆ ತಿರುಗ್ತಿದೆ ತೊತೊ. ನೀನು ಯಾವುದು ಅಂದ್ರೆ ಅದು.”

ತೊತೊ. ಚಿಕ್ಕ ಹುಡುಗರನ್ನು ಕರೆಯುವ ಹಾಗೆ. ನನಗೆ ನಲವತ್ತಾರು. ಬಾಚೋಯ್ ನೂಡಲ್ಸ್ ತಿಂದು, ಏನೂ ಕೊಳ್ಳದೆ ವಾಪಸ್ ಬಂದೆವು.

ಜನವರಿ 29, ಬುಧವಾರ

ಮೂರನೇ ಅಂಗಡಿಯಲ್ಲಿ ನಾನು ನನಗಾಗಿ ನೋಡಿದ್ದು ಇನ್ನೂ ಕಣ್ಣಲ್ಲೇ ಇದೆ. ಬೂದು ಬಣ್ಣ, ತೆಳ್ಳಗೆ, ಮುಚ್ಚಳ ಒಂದೇ ಬೆರಳಲ್ಲಿ ಮೇಲೇಳುತ್ತೆ. ನನ್ನದು ಏಳು ವರ್ಷದ್ದು, ತೆರೆದುಕೊಳ್ಳುವಷ್ಟರಲ್ಲಿ ಕಾಫಿ ಕುಡಿದು ಮುಗಿಸಬಹುದು. ಮರಿವಿಕ್‌ಗೆ ಹೇಳಿದೆ. “ಇರೋದನ್ನ ಮೊದ್ಲು ಯಾರಿಗಾದ್ರೂ ದಾಟಿಸು, ಆಮೇಲೆ ಹೊಸದು” ಅಂದಳು ನನ್ನ ಹೆಂಡತಿ. ಅನ್ನ ಬಡಿಸುತ್ತಾ ಸುಮ್ಮನೆ ಅಂದದ್ದು.

ನನ್ನದರಲ್ಲಿ ಪರದೆ ದೊಡ್ಡದು. ಕೀಲಿಗಳು ಗಟ್ಟಿ. ಹೋದ ವರ್ಷ ಬ್ಯಾಟರಿ ಹೊಸದು ಹಾಕಿಸಿದ್ದೇನೆ. ಒಗಟಿನ ಪುಟ ಬರೆಯೋಕೆ ಇನ್ನೇನು ಬೇಕು?

ಒಂದೇ ಒಂದು ಅಂದರೆ ಆ ಸದ್ದು. ನವೆಂಬರಿನಿಂದ ಶುರುವಾಗಿದ್ದು. ಒಳಗೆ ತಿರುಗುವ ಡಿಸ್ಕು ಆಗಾಗ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡುತ್ತೆ. ಹತ್ತು ಸಲ ತೆಗೆದರೆ ಎರಡು ಸಲ ಅಷ್ಟೆ. ನಾನು ನನ್ನದೆಲ್ಲವನ್ನೂ ಆಗಲೇ ಬೇರೆ ಕಡೆ ನಕಲು ಮಾಡಿಟ್ಟುಕೊಂಡಿದ್ದೇನೆ.

ಫೆಬ್ರವರಿ 2, ಭಾನುವಾರ

ಪೂಜೆ ಮುಗಿಸಿ ಬರುವಾಗ ದಾರಿಯಲ್ಲೇ ಹೇಳಿದೆ. ಮನಾಂಗ್, ಹೊಸದಕ್ಕೆ ಯಾಕೆ ಅಷ್ಟು ಸುರೀತೀರಿ, ನನ್ನದೇ ತಗೊಳ್ಳಿ, ಹವ್ಯಾಸಕ್ಕೆ ಧಾರಾಳ ಸಾಕು ಅಂತ. ಅವರು ನಡುದಾರಿಯಲ್ಲೇ ನಿಂತುಬಿಟ್ಟರು. “ನಿಜವಾಗ್ಲೂ ಕೊಡ್ತೀಯಾ? ನಿಂಗೆ ಬೇಡ್ವಾ?” ಅಂತ ಎರಡು ಸಲ ಕೇಳಿದರು. ನಾನು ಏನೋ ತ್ಯಾಗ ಮಾಡುತ್ತಿದ್ದೇನೆ ಅನ್ನುವ ಹಾಗೆ.

ಮಧ್ಯಾಹ್ನ ಅವರ ಮನೆಗೆ ಒಯ್ದು ಇಟ್ಟೆ. ಅರ್ಧ ಗಂಟೆ ತೋರಿಸಿದೆ. ಪುಣ್ಯಕ್ಕೆ ಒಂದು ಸಲವೂ ಲೊಚಗುಟ್ಟಲಿಲ್ಲ. “ಇದ್ರಲ್ಲಿ ಏನಾದ್ರೂ ಹುಷಾರಾಗಿರಬೇಕಾದ್ದು ಇದ್ಯಾ?” ಅಂತ ಪುಸ್ತಕ ತೆರೆದು ಕೇಳಿದರು. ಮಳೆನೀರು ತಾಗಿಸಬೇಡಿ, ಇರುವೆ ಹತ್ತದ ಹಾಗೆ ನೋಡಿಕೊಳ್ಳಿ ಅಂದೆ. ಬರೆದುಕೊಂಡರು.

ಡಿಸ್ಕು ಬದಲಾಯಿಸೋದು ದೊಡ್ಡ ಕೆಲಸವಲ್ಲ. ಬರುವ ತಿಂಗಳು ನಾನೇ ಒಂದು ತಂದು ಹಾಕಿಕೊಟ್ಟರಾಯಿತು. ಅವರಿಗೆ ಹೇಳಿ ಸುಮ್ಮನೆ ಹೆದರಿಸೋದು ಯಾಕೆ?

ಫೆಬ್ರವರಿ 8, ಶನಿವಾರ

ಬೂದು ಬಣ್ಣದ್ದು ಮನೆಗೆ ಬಂತು. ಒತ್ತಿದ ಕೂಡಲೇ ತೆರೆಯುತ್ತೆ. ಇಡೀ ದಿನ ಅದರ ಮುಂದೆಯೇ ಇದ್ದೆ.

ಫೆಬ್ರವರಿ 16, ಭಾನುವಾರ

ಮನಾಂಗ್ ಹೆಚ್ಚುಕಡಿಮೆ ದಿನವೂ ಲ್ಯಾಪ್‌ಟಾಪನ್ನು ಅಕ್ಕಿ ಚೀಲದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುತ್ತಾರೆ. ಲೋಲಾ ಈಗ ನೇಯುವುದಿಲ್ಲ, ಮಗ್ಗದ ಪಕ್ಕ ಚಾಪೆ ಮೇಲೆ ಕೂತಿರುತ್ತಾರೆ. ಅವರು ಒಗಟು ಹೇಳುತ್ತಾರೆ, ಮನಾಂಗ್ ಅಲ್ಲೇ ಒತ್ತಿಕೊಳ್ಳುತ್ತಾರೆ. ಲೋಲಾ ಉತ್ತರ ಕೂಡಲೇ ಹೇಳುವುದಿಲ್ಲವಂತೆ. “ನಾಳೆ ಬಾ” ಅನ್ನುತ್ತಾರಂತೆ. ಮಾರನೆ ದಿನ ಮನಾಂಗ್ ನಾಲ್ಕೈದು ತಪ್ಪು ಉತ್ತರ ಕೊಟ್ಟ ಮೇಲೆ, ಹೊಟ್ಟೆ ಹಿಡಿದು ನಕ್ಕು, ಆಮೇಲೆ ಸರಿಯಾದದ್ದು.

ಬೇಲಿಯ ಆಚೆಯಿಂದ ನನಗೂ ಒಂದು ಕೇಳಿದರು. “ಮೈತುಂಬ ಕಿಟಕಿ, ಒಂದಕ್ಕೂ ಕದ ಇಲ್ಲ. ಒಳಗೆ ಬಂದ ನೆಂಟ ಹೊರಗೆ ಹೋಗಲ್ಲ. ಏನದು?”

ಗೊತ್ತಾಗಲಿಲ್ಲ. ಮೀನಿನ ಬಲೆಯಂತೆ. ಸಮುದ್ರದ ದಂಡೆಯಲ್ಲಿ ಹುಟ್ಟಿದವನಿಗೆ ಇಷ್ಟೂ ಬರಲ್ವಾ ಅಂತ ಚುಡಾಯಿಸಿದರು.

ನಲವತ್ತು ಆಗಿದೆಯಂತೆ. ಇದನ್ನೆಲ್ಲ ಎಲ್ಲರಿಗೂ ಕಾಣುವ ಹಾಗೆ ಸೈಟಿಗೆ ಏರಿಸೋದು ಹೇಗೆ, ಇನ್ನೊಂದು ನಕಲು ಇಟ್ಟುಕೊಳ್ಳೋದು ಹೇಗೆ, ಬಂದು ತೋರಿಸ್ತೀಯಾ ಅಂದರು. ಬರುವ ಭಾನುವಾರ ಖಂಡಿತ ಅಂದೆ.

ಮಾರ್ಚ್ 9, ಭಾನುವಾರ

ಹೋಗಲಿಲ್ಲ. ಹೋದ ಭಾನುವಾರವೂ ಹೋಗಿರಲಿಲ್ಲ, ಅದರ ಹಿಂದಿನದಕ್ಕೂ ಇಲ್ಲ. ಒಂದು ಸಲ ತಲೆನೋವು ಅಂದೆ, ಒಂದು ಸಲ ಚರ್ಚಿನ ಕೆಲಸ ಅಂದೆ. ಇವತ್ತು ಏನೂ ಹೇಳಲಿಲ್ಲ, ಹಿತ್ತಲ ಬಾಗಿಲಿಂದ ಕಡಲ ಕಡೆ ಹೋಗಿಬಿಟ್ಟೆ.

ಅವರ ಮನೆಗೆ ಹೋದರೆ ಆ ಸದ್ದು ಕೇಳುತ್ತೆ. ಕೇಳಿದರೆ ಏನಾದರೂ ಹೇಳಬೇಕಾಗುತ್ತೆ.

ಡಿಸ್ಕು ಇನ್ನೂ ತಂದಿಲ್ಲ. ಪೇಟೆಗೆ ಹೋಗಲು ಪುರುಸೊತ್ತಾಗಿಲ್ಲ.

ಮಾರ್ಚ್ 22, ಶನಿವಾರ

ಮನಾಂಗ್ ಬೇಲಿ ಹತ್ತಿರ ಬಟ್ಟೆ ಒಣಗಿಸುತ್ತಿದ್ದರು, ತಪ್ಪಿಸಿಕೊಳ್ಳಲು ಆಗಲಿಲ್ಲ. ನೂರು ದಾಟಿದೆ ಅಂದರು. ಅಂಚೆ ಕಚೇರಿಯ ಗೂಡುಗಳ ಹಾಗೆ ಪುಟ ಜೋಡಿಸಿದ್ದಾರಂತೆ: ಮಗ್ಗದ್ದು ಒಂದು ಕಡೆ, ಕಡಲಿನದ್ದು ಒಂದು ಕಡೆ, ಅಡುಗೆಮನೆಯದ್ದು, ಸಾವಿನದ್ದು. ಬಣ್ಣ ಕೂಡ ಬೇರೆ ಬೇರೆ. ಕೇಳುತ್ತಾ ನನಗೇ ಹೊಟ್ಟೆಕಿಚ್ಚಾಯಿತು. ಹೊಸ ಯಂತ್ರ ತಂದ ನಾನು ಈವರೆಗೆ ಒಂದು ಪುಟವನ್ನೂ ಮಾಡಿಲ್ಲ.

ಆಮೇಲೆ ಅವರೇ ಎತ್ತಿದರು. “ನಿನ್ನ ಲ್ಯಾಪ್‌ಟಾಪಿನೊಳಗೆ ಹಲ್ಲಿ ಸೇರ್ಕೊಂಡಿದೆ ನೋಡು. ಈಗೀಗ ದಿನಾ ಲೊಚಗುಟ್ಟುತ್ತೆ. ಹಲ್ಲಿ ಲೊಚಗುಟ್ಟಿದ್ರೆ ಮನೆಗೆ ನೆಂಟರು ಬರ್ತಾರೆ ಅಂತಾರೆ. ಲೊಚಗುಟ್ಟಿದ್ದೇ ಬಂತು, ನೆಂಟ ಮಾತ್ರ ಬರಲಿಲ್ಲ.”

ನನಗೆ ಹೇಳಿದ ಮಾತು ಅದು. ನಕ್ಕೆ. ಹಳೇದಾದ ಮೇಲೆ ಎಲ್ಲ ಯಂತ್ರವೂ ಹಾಗೇ ಮನಾಂಗ್, ಏನೂ ಆಗಲ್ಲ ಅಂದೆ.

ಇದನ್ನು ಬರೆಯುವಾಗ ಆ ಮಾತು ಮತ್ತೆ ಕೇಳಿಸುತ್ತಿದೆ. ಏನೂ ಆಗಲ್ಲ ಅಂದೆ. ಹೇಳಿಬಿಡಲು ಅದಕ್ಕಿಂತ ಒಳ್ಳೆ ಗಳಿಗೆ ಸಿಗುತ್ತಿರಲಿಲ್ಲ. ಅವರೇ ಬಾಗಿಲು ತೆರೆದು ಹಿಡಿದಿದ್ದರು.

ಏಪ್ರಿಲ್ 11, ಶುಕ್ರವಾರ

ಲೋಲಾ ಇಸ್ಯಾಂಗ್ ತೀರಿಕೊಂಡರು. ಬೆಳಗ್ಗೆ ಗಂಜಿ ಕುಡಿದು, ಹಾಗೇ ಚಾಪೆಯ ಮೇಲೆ ಒರಗಿದವರು ಏಳಲಿಲ್ಲವಂತೆ. ಮನಾಂಗ್ ಅಲ್ಲೇ ಇದ್ದರು. ಹಿಂದಿನ ದಿನ ಕೇಳಿದ ಒಗಟಿಗೆ ಉತ್ತರ ಹೇಳಿಸಿಕೊಳ್ಳಲು ಹೋಗಿದ್ದರು.

ಏಪ್ರಿಲ್ 15, ಮಂಗಳವಾರ

ಮಧ್ಯಾಹ್ನ ಕಚೇರಿಗೆ ಫೋನ್ ಮಾಡಿದರು. ಗುಡ್ಡದ ಮನೆಯಲ್ಲಿ ಇನ್ನೂ ದೇಹ ಇಟ್ಟಿದ್ದಾರೆ, ಮಣ್ಣು ಮಾಡುವವರೆಗೆ ರಾತ್ರಿಯೆಲ್ಲ ಜಾಗರಣೆ. ಒಂಬತ್ತನೇ ದಿನದ ಪ್ರಾರ್ಥನೆಗೆ ಬಂದವರಿಗೆಲ್ಲ ಅಜ್ಜಿಯ ಒಗಟುಗಳನ್ನೇ ಕೇಳಬೇಕು ಅಂತ ಮೊಮ್ಮಗಳ ಆಸೆ. ಅದಕ್ಕಾಗಿ ತೆಗೆದರೆ ಪರದೆ ಕಪ್ಪಾಗಿ ಒಂದೇ ಒಂದು ಸಾಲು ಬರುತ್ತಿದೆಯಂತೆ. ಡಿಸ್ಕು ಸಿಗುತ್ತಿಲ್ಲ ಅಂತ.

ಕಚೇರಿಯಿಂದ ನೇರ ಅವರ ಮನೆಗೇ ಹೋದೆ. ಫೆಬ್ರವರಿ ಎರಡರ ನಂತರ ಇವತ್ತೇ ಆ ಹೊಸಿಲು ದಾಟಿದ್ದು. ಲೊಚ ಲೊಚ ಲೊಚ, ಬಿಡುವೇ ಇಲ್ಲ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದೆನೋ. ಆಮೇಲೆ ಆ ಸದ್ದೂ ನಿಂತಿತು.

ಮನಾಂಗ್ ನನ್ನ ಹಿಂದೆ ನಿಂತಿದ್ದರು. ಅಡುಗೆಯ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದರು.

“ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ ತೊತೊ. ಮೊನ್ನೆ ಅಳ್ತಾ ಅಳ್ತಾ ಒತ್ತಿದೆ, ಕಣ್ಣು ಮಂಜಾಗಿತ್ತು. ನಿನ್ನ ಒಳ್ಳೆ ಲ್ಯಾಪ್‌ಟಾಪು, ಹಾಳುಮಾಡಿದೆ. ತಪ್ಪಾಯ್ತು.”

ನನಗೆ ತಪ್ಪಾಯ್ತು ಅಂದರು.

ನಾನು ಪರವಾಗಿಲ್ಲ ಅಂದೆ.

ಏಪ್ರಿಲ್ 16, ಬುಧವಾರ

ಪರವಾಗಿಲ್ಲ ಅಂದೆ.

ಏಪ್ರಿಲ್ 19, ಶನಿವಾರ

ಒಂಬತ್ತನೇ ದಿನ. ಗುಡ್ಡದ ಮನೆಗೆ ಮರಿವಿಕ್ ಜೊತೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಕೂತರು, ಬಿಸ್ಕತ್ತು, ಕಾಫಿ ಬಂತು. ಲೋಲಾಳ ಮೊಮ್ಮಗಳು ಮನಾಂಗ್ ಕಡೆ ನೋಡಿದಳು. ಮನಾಂಗ್ ಎದ್ದುನಿಂತು, ಎಲ್ಲ ನನ್ನ ಕೈಯಿಂದ ಹೋಯ್ತಮ್ಮ ಅಂದರು. ನೆನಪಿದ್ದ ನಾಲ್ಕು ಹೇಳಿದರು. ಐದನೆಯದರ ನಡುವೆ ತಡವರಿಸಿ ಕೂತುಬಿಟ್ಟರು. ವಯಸ್ಸಾಯ್ತಲ್ಲ ಅಂತ ಒಬ್ಬಳು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

ಮೂವತ್ತೊಂದು ವರ್ಷ ಒಂದು ಕಾಗದ ಕಳೆಯದವರು.

ಮೇ 3, ಶನಿವಾರ

ಡಿಸ್ಕನ್ನು ಬಿಚ್ಚಿಕೊಂಡು ಒಬ್ಬನೇ ಪೇಟೆಗೆ ಹೋದೆ. ಕೆಟ್ಟ ಡಿಸ್ಕಿನಿಂದ ಕಳೆದದ್ದನ್ನು ತೆಗೆದುಕೊಡುವ ಒಬ್ಬ ಹೆಂಗಸಿದ್ದಾಳೆ, ಹಳೆ ಸಿನಿಮಾ ಮಂದಿರದ ಮೇಲಿನ ಕೋಣೆಯಲ್ಲಿ. ಎರಡು ವಾರ ಹಿಂದೆಯೇ ಹೋಗಬಹುದಿತ್ತು. ಅವಳು ಏನು ಹೇಳುತ್ತಾಳೋ ಅಂತ ಹೆದರಿಕೆ.

ಬಿಚ್ಚಿ ದೀಪದ ಕೆಳಗೆ ಹಿಡಿದು ತೋರಿಸಿದಳು. ಕನ್ನಡಿಯಂತಿರಬೇಕಾದ ತಟ್ಟೆಯ ಮೇಲೆ ಉಂಗುರ ಉಂಗುರ ಗೀರು.

“ಎಷ್ಟು ದಿನದಿಂದ ಸದ್ದು ಮಾಡ್ತಿತ್ತು?”

ಗೊತ್ತಿಲ್ಲ, ನನ್ನದಲ್ಲ ಅಂದೆ.

“ಇಷ್ಟು ಗೀರು ಒಂದು ದಿನದಲ್ಲಿ ಬೀಳಲ್ಲ ಸರ್. ಮೊದಲ ಸಲ ಸದ್ದು ಬಂದಾಗಲೇ ತಂದಿದ್ರೆ ಅರ್ಧ ಗಂಟೆ ಕೆಲ್ಸ, ಎಲ್ಲ ತೆಗೆದುಕೊಡ್ತಿದ್ದೆ. ಈಗ ಮನಿಲಾಕ್ಕೆ ಕಳಿಸಿದ್ರೂ ಏನೂ ಬರಲ್ಲ.”

ಯಾರಾದರೂ ತಪ್ಪು ಕೀಲಿ ಒತ್ತಿದ್ದಕ್ಕೆ ಹೀಗಾಗಬಹುದಾ ಅಂತ ಕೇಳಿದೆ. ಅವಳು ನಕ್ಕಳು. ಒತ್ತಿದ್ದಕ್ಕೆ ಹೀಗಾಗೋದಿದ್ದರೆ ಪ್ರಪಂಚದಲ್ಲಿ ಒಂದು ಯಂತ್ರವೂ ಉಳಿಯುತ್ತಿರಲಿಲ್ಲ ಅಂದಳು.

ಸಂಜೆ ಮನಾಂಗ್‌ಗೆ ಏನೂ ಸಿಗಲಿಲ್ಲ ಅಂತಷ್ಟೇ ಹೇಳಿದೆ. ಅವರ ಕೈ ತಪ್ಪಲ್ಲ ಅನ್ನುವ ಮಾತನ್ನಾದರೂ ಹೇಳಬಹುದಿತ್ತು, ಜೀಪ್ನಿಯಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಆದರೆ ಅದನ್ನು ಹೇಳಿದರೆ, ಮತ್ತೆ ಯಾರ ತಪ್ಪು ಅಂತ ಕೇಳುತ್ತಾರೆ.

ಮೇ 24, ಶನಿವಾರ

ಮನಾಂಗ್ ಖಾಲಿ ಲ್ಯಾಪ್‌ಟಾಪು, ಅದರ ವೈರು, ಅಕ್ಕಿ ಚೀಲ ಎಲ್ಲವನ್ನೂ ತಂದು ಕೊಟ್ಟುಹೋದರು. ಬಿಡಿಭಾಗಕ್ಕಾದರೂ ಆಗಲಿ ಅಂತ. ಜೊತೆಗೆ ಅಂಟಕ್ಕಿಯನ್ನು ಎಲೆಯಲ್ಲಿ ಕಟ್ಟಿ ಬೇಯಿಸಿದ ಇಬೋಸ್ ಒಂದು ತಟ್ಟೆ. ಮರಿವಿಕ್ ಮತ್ತು ನಾನು ತಿನ್ನಲು ಕೂತೆವು. ನಾನು ಒಂದು ತುತ್ತು ತಿಂದು ತಟ್ಟೆ ಸರಿಸಿದೆ. ಏನಾಯ್ತು ಅಂದಳು. ಅಂಟು ಜಾಸ್ತಿ ಅಂದೆ.

ಹೊಸದು ತೆಗೆಯಲು ಮನಸ್ಸಾಗುತ್ತಿಲ್ಲ. ಧೂಳು ಹಿಡಿದಿದೆ.

ಜೂನ್ 10, ಮಂಗಳವಾರ

ಮರಿವಿಕ್ ಪಿಂಚಣಿ ತೆಗೆಯುವ ಎಟಿಎಂ ಸಾಲಿನಲ್ಲಿ ಮನಾಂಗ್‌ರನ್ನು ನೋಡಿದಳಂತೆ. ತಮ್ಮ ಸರದಿ ಬಂದಾಗ ಹಿಂದೆ ನಿಂತಿದ್ದ ಯಾರೋ ಗುರುತಿಲ್ಲದವಳ ಕೈಗೆ ಕಾರ್ಡು ಕೊಟ್ಟು, ನೀನೇ ಒತ್ತಮ್ಮ, ನನ್ನ ಕೈ ಸರಿ ಇಲ್ಲ, ನಾನು ಒತ್ತಿದ್ರೆ ಕೆಟ್ಟುಹೋಗುತ್ತೆ ಅಂದರಂತೆ. ಗುಪ್ತ ಸಂಖ್ಯೆಯನ್ನೂ ಹೇಳಿಕೊಟ್ಟರಂತೆ. “ಪಾಪ, ಎಷ್ಟು ಚುರುಕಾಗಿದ್ರು. ಅಜ್ಜಿ ಹೋದ್ಮೇಲೆ ಹೀಗಾಗಿಬಿಟ್ರು” ಅಂದಳು.

ಅಜ್ಜಿ ಹೋದದ್ದಕ್ಕಲ್ಲ ಅಂದೆ. ಮತ್ತೆ ಯಾಕೆ ಅಂದಳು. ಹೇಳಿದೆ. ಮೊದಲ ಸಲ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿದ್ದು. ಅವಳು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಬೈಯಲಿಲ್ಲ. “ನಂಗೆ ಯಾಕೆ ಹೇಳ್ತಿದ್ದೀಯ?” ಅಂದು ಮತ್ತೆ ನಲ್ಲಿ ತಿರುಗಿಸಿದಳು.

ಜೂನ್ 12, ಗುರುವಾರ

ಸ್ವಾತಂತ್ರ್ಯ ದಿನದ ರಜೆ. ಎಲ್ಲರ ಮನೆ ಮುಂದೆ ಬಾವುಟ. ಬೆಳಗ್ಗೆ ಎಂಟಕ್ಕೆ ಹೋದೆ.

ಮನಾಂಗ್ ಮೆಟ್ಟಿಲ ಮೇಲೆ ಕೂತು ನುಗ್ಗೆ ಸೊಪ್ಪು ಬಿಡಿಸುತ್ತಿದ್ದರು. ನಾನೂ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಒಂದು ಕಡ್ಡಿ ಎತ್ತಿಕೊಂಡು ಬಿಡಿಸತೊಡಗಿದೆ. ಆಮೇಲೆ ಶುರುವಿನಿಂದ ಹೇಳಿದೆ. ನವೆಂಬರಿನಲ್ಲಿ ಸದ್ದು ಬಂದದ್ದು, ನನ್ನದನ್ನೆಲ್ಲ ನಕಲು ಮಾಡಿಟ್ಟುಕೊಂಡದ್ದು, ಬೂದು ಬಣ್ಣದ್ದರ ಆಸೆ. ಭಾನುವಾರಗಳಲ್ಲಿ ಯಾಕೆ ಬರಲಿಲ್ಲ ಅನ್ನುವುದು. ಪೇಟೆಯ ಹೆಂಗಸು ಹೇಳಿದ್ದು. ಅವರ ಕೈ ನಿಲ್ಲಲಿಲ್ಲ. ಸೊಪ್ಪು ಬುಟ್ಟಿಗೆ ಬೀಳುತ್ತಲೇ ಇತ್ತು. ನಾನು ಮುಗಿಸಿದ ಮೇಲೂ ಎರಡು ಕಡ್ಡಿ ಬಿಡಿಸಿದರು.

“ಆರಿಸು ಅಂತ ನಿನ್ನ ಕೇಳಿದ್ದು ನಾನು. ನಿನ್ನದೇ ಕೊಡು ಅಂತ ಕೇಳಿರಲಿಲ್ಲ.”

ಹೌದು ಅಂದೆ.

“ಲೊಚಗುಟ್ಟುತ್ತೆ ಅಂತ ನಾನೇ ಹೇಳಿದೆ ನಿಂಗೆ. ಆ ಬೇಲಿ ಹತ್ರ.”

ಹೌದು ಅಂದೆ.

“ಒಗಟು ಹೋಯ್ತು. ಅದಕ್ಕೆ ಏನು ಮಾಡೋಕಾಗುತ್ತೆ ತೊತೊ, ಲೋಲಾನೇ ಹೋದ್ರು. ಆದ್ರೆ ಎರಡು ತಿಂಗಳು ನಾನು ಈ ಕೈ ನೋಡ್ಕೊಂಡು ಕೂತಿದ್ದೆ. ಯಾವುದು ಒತ್ತಿದೆ, ಎಲ್ಲಿ ತಪ್ಪಿದೆ ಅಂತ. ಅಂಚೆ ಕಚೇರೀಲೂ ಯಾರ್ಯಾರ ಕಾಗದ ತಪ್ಪಿಸಿದ್ನೋ, ಅವರು ಹೇಳಲಿಲ್ವೇನೋ, ಅಲ್ಲಿವರೆಗೂ ಯೋಚನೆ ಹೋಗ್ತಿತ್ತು. ನೀನು ಪಕ್ಕದ ಮನೇಲಿದ್ದೆ.”

ಅಷ್ಟೇ ಅವರು ಹೇಳಿದ್ದು. ಹೊಸ ಲ್ಯಾಪ್‌ಟಾಪನ್ನು ಒಯ್ದಿದ್ದೆ, ಚೀಲ ಮುಂದೆ ಸರಿಸಿದೆ. ಅದರ ಕಡೆ ನೋಡಲಿಲ್ಲ. ನಿನ್ನ ಕೈಯಿಂದ ಇನ್ನೊಂದು ಬೇಡ ಅಂದರು. ಬುಟ್ಟಿ ಎತ್ತಿಕೊಂಡು ಒಳಗೆ ಹೋದರು, ಬಾಗಿಲು ಹಾಕಿಕೊಂಡರು. ಜೋರಾಗಿ ಹಾಕಿಕೊಂಡಿದ್ದರೆ ಸಮಾಧಾನವಾಗುತ್ತಿತ್ತೇನೋ. ಸದ್ದಿಲ್ಲದೆ ಹಾಕಿಕೊಂಡರು.

ನಾನು ಬಿಡಿಸಿದ ಸೊಪ್ಪು ಮೆಟ್ಟಿಲ ಮೇಲೇ ಉಳಿಯಿತು.

ಜೂನ್ 29, ಭಾನುವಾರ

ಚರ್ಚಿನಲ್ಲಿ ಮನಾಂಗ್ ಎರಡು ಸಾಲು ಮುಂದೆ ಕೂತಿದ್ದರು. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಹೇಳುವಾಗ ಎಲ್ಲರ ಕಡೆ ತಿರುಗಿ ತಲೆಬಾಗಿದರು. ನನ್ನ ತನಕ ಬಂದು ತಿರುಗಿಕೊಂಡರು.

ಜುಲೈ 20, ಭಾನುವಾರ

ಮನಾಂಗ್ ಬೇಲಿಯ ಹತ್ತಿರ ದಾಸವಾಳ ನೆಟ್ಟಿದ್ದಾರೆ. ಬೆಳೆದರೆ ಅವರ ಅಂಗಳ ನಮಗೆ ಕಾಣುವುದಿಲ್ಲ.

ಇವತ್ತು ಬೇರೆ ಕೆಲಸವಿರಲಿಲ್ಲ, ಗುಡ್ಡದ ಕಡೆ ನಡೆದುಹೋದೆ. ಮಗ್ಗದ ಮನೆಯಲ್ಲಿ ಲೋಲಾಳ ಮೊಮ್ಮಗಳು ನೇಯುತ್ತಿದ್ದಳು. ನಿಮ್ಮಜ್ಜಿಯ ಒಗಟು ಒಂದಾದರೂ ನೆನಪಿದೆಯಾ ಅಂತ ಕೇಳಿದೆ. ಲಾಳಿಯದ್ದು ಒಂದು ಬರುತ್ತೆ ಅಂದಳು: ಹಗಲೆಲ್ಲ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಾಳೆ, ಒಂದು ದಿನವೂ ಬಾಗಿಲು ದಾಟಿಲ್ಲ. ಕಾಗದದ ಮೇಲೆ ಬರೆದುಕೊಂಡೆ. ಅಲ್ಲಿಂದ ಇಳಿಯುವಾಗ ಕೊಳದ ಹತ್ತಿರ ಇನ್ನೊಬ್ಬ ಮುದುಕಿಯನ್ನು ಕೇಳಿದೆ. ಅವಳು ಎರಡು ಹೇಳಿದಳು, ಒಂದು ಅರ್ಧ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮರಿವಿಕ್ ಕೈಲಿ ಮನಾಂಗ್‌ಗೆ ಕಳಿಸಿದೆ. ನಾನು ಕಳಿಸಿದ್ದು ಅಂತ ಹೇಳಬೇಡ ಅಂದೆ. ನಿನ್ನ ಅಕ್ಷರ ಅವರಿಗೆ ಗೊತ್ತಾಗಲ್ವಾ ಅಂದಳು. ಅಂಚೆಯವರು.

ಆಗಸ್ಟ್ 10, ಭಾನುವಾರ

ಮನಾಂಗ್ ನಿನ್ನೆ ಒಬ್ಬರೇ ಪೇಟೆಗೆ ಹೋಗಿ ಲ್ಯಾಪ್‌ಟಾಪ್ ಕೊಂಡರಂತೆ. ಮರಿವಿಕ್ ಮೀನಿನ ಸಂತೆಗೆ ಅಂತ ಅದೇ ಜೀಪ್ನಿಯಲ್ಲಿ ಹೋಗಿದ್ದವಳು ಅಂಗಡಿಗೂ ಜೊತೆಯಾದಳು. ನನಗೆ ಎಲ್ಲವನ್ನೂ ಹೇಳಿದಳು, ನಾನು ಕೇಳದೆಯೇ.

ಹಳೆ ಪುಸ್ತಕದಲ್ಲಿ ಬರೆದುಕೊಂಡಿದ್ದನ್ನು ಒಂದೊಂದಾಗಿ ಓದಿ ಕೇಳಿದರಂತೆ. ಯಾವುದು ಗಟ್ಟಿ, ಯಾವುದರ ಬ್ಯಾಟರಿ ಎಷ್ಟು ತಡೆಯುತ್ತೆ. ಎಂಟೋ ಹದಿನಾರೋ ಅಂತ ಹುಡುಗಿ ಶುರುಮಾಡಿದಾಗ, ನಿಧಾನಕ್ಕೆ ಹೇಳಮ್ಮ, ನಂಗೆ ಅರ್ಥ ಆಗೋವರೆಗೂ ಹೇಳು, ನಂಗೆ ಸಮಯ ಇದೆ ಅಂದರಂತೆ. ಕೊನೆಗೆ ಒಂದನ್ನು ಮೇಜಿನ ಮೇಲೆ ಇಡಿಸಿ, ಅಂಗಡಿಯ ಹಾಡು ನಿಲ್ಲಿಸಲು ಹೇಳಿ, ಅದರ ಮೇಲೆ ಕಿವಿ ಇಟ್ಟು ಹತ್ತು ನಿಮಿಷ ಕೂತಿದ್ದರಂತೆ. ಇದರೊಳಗೆ ತಿರುಗುವಂಥದ್ದು ಏನೂ ಇಲ್ಲ, ಸದ್ದೇ ಬರಲ್ಲ ಅಜ್ಜಿ ಅಂತ ಹುಡುಗಿ ಹೇಳಿದರೂ ಏಳಲಿಲ್ಲವಂತೆ. ಗಿರಾಕಿಗಳು ನಗುತ್ತಿದ್ದರು ಅಂದಳು ಮರಿವಿಕ್. ಅವಳು ನಗಲಿಲ್ಲ. ನಕಲು ಇಟ್ಟುಕೊಳ್ಳಲು ಎರಡು ಪೆನ್ ಡ್ರೈವ್ ಕೂಡ ತಗೊಂಡರಂತೆ, ಒಂದು ಮನೆಗೆ, ಒಂದು ಚರ್ಚಿನ ಕಪಾಟಿಗೆ.

ಯಾವ ಲ್ಯಾಪ್‌ಟಾಪು ಅಂತ ಕೇಳಿದೆ. ಅದನ್ನು ಹೇಳಬಾರದು ಅಂದಿದ್ದಾರೆ ಅಂದಳು.

ಅಕ್ಟೋಬರ್ 5, ಭಾನುವಾರ

ಸೈಟು ಎದ್ದಿದೆ. ಪಾದ್ರಿಗಳು ಪೂಜೆಯ ಕೊನೆಯಲ್ಲಿ ಎಲ್ಲರಿಗೂ ಹೇಳಿದರು. ಮನೆಗೆ ಬಂದು ತೆರೆದೆ.

ಸರಳವಾಗಿದೆ. ಮಗ್ಗ, ಕಡಲು, ಅಡುಗೆಮನೆ, ಸಾವು. ಒಗಟಿನ ಮೇಲೆ ಒತ್ತಿದರೆ ಉತ್ತರ ಕೆಳಗೆ ಬಿಚ್ಚಿಕೊಳ್ಳುತ್ತೆ. ನಾನು ಮಾಡಿದ್ದರೆ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಬೇರೆ ಬೇರೆ ಮುದುಕಿಯರಿಂದ ಅರವತ್ತರಷ್ಟು ಸೇರಿಸಿದ್ದಾರೆ. ಕೊಳದ ಹತ್ತಿರದ ಅರ್ಧ ಒಗಟೂ ಇದೆ, ಯಾರೋ ಪೂರ್ತಿ ಮಾಡಿಕೊಟ್ಟಿದ್ದಾರೆ.

ಲೋಲಾ ಇಸ್ಯಾಂಗ್ ಹೆಸರಿಗೆ ಒಂದು ಪುಟವೇ ಇದೆ. ಮೇಲೆ ಹೀಗೆ ಬರೆದಿದ್ದಾರೆ: ಅಜ್ಜಿ ನೂರಾ ಹನ್ನೆರಡು ಹೇಳಿದ್ದರು. ಬರೆದುಕೊಂಡ ಯಂತ್ರ ಕೆಟ್ಟಿತು. ಬರೆದಿಟ್ಟದ್ದನ್ನು ಮನಸ್ಸು ಬಿಟ್ಟುಬಿಡುತ್ತೆ, ಬಿಡಿಸಲಾಗದೆ ಕೊರೆದದ್ದು ಮಾತ್ರ ಉಳಿದಿದೆ. ಒಂದೊಂದಾಗಿ ಇಪ್ಪತ್ತಮೂರು ಒಗಟು ನೆನಪಾದವು. ಒಂಬತ್ತಕ್ಕೆ ಉತ್ತರ ನೆನಪಿದೆ. ಉಳಿದವಕ್ಕೆ ಬಲ್ಲವರು ತಿಳಿಸಿ.

ಯಂತ್ರ ಕೆಟ್ಟಿತು. ಅಷ್ಟೇ. ನನ್ನ ಹೆಸರು ಬಂದಿದೆಯಾ ಅಂತ ಪುಟಪುಟವೂ ಹುಡುಕಿದೆ. ಎಲ್ಲೂ ಇಲ್ಲ. ಬಂದಿದ್ದರೇ ವಾಸಿಯಿತ್ತು.

ಹದಿನಾಲ್ಕು ಒಗಟುಗಳ ಮೇಲೆ ಒತ್ತಿದರೆ ಕೆಳಗೆ ಖಾಲಿ ಜಾಗ ಬಿಚ್ಚಿಕೊಳ್ಳುತ್ತೆ.

ಕೊನೆಯದು ಲೋಲಾ ತೀರಿಹೋಗುವ ಹಿಂದಿನ ದಿನ ಕೇಳಿದ್ದಂತೆ. ಉತ್ತರಕ್ಕೆ ಅಂತ ಅವತ್ತೇ ನಾಲ್ಕೈದು ಹೇಳಿ, ಎಲ್ಲ ತಪ್ಪಾಗಿ, ನಾಳೆ ಬಾ ಅನ್ನಿಸಿಕೊಂಡು ಬಂದಿದ್ದರಂತೆ ಮನಾಂಗ್. ಇದರ ಉತ್ತರವನ್ನು ಯಾವ ಯಂತ್ರವೂ ಉಳಿಸುತ್ತಿರಲಿಲ್ಲ. ನಿಜ. ಆದರೆ ಉಳಿದ ಹದಿಮೂರನ್ನು ಉಳಿಸುತ್ತಿತ್ತು.

“ಹೋಗುವಾಗ ತುಂಬಿ ಹೋಗುತ್ತೆ, ಬರುವಾಗ ಬರಿದಾಗಿ ಬರುತ್ತೆ. ಭಾರ ಮಾತ್ರ ಬರುವಾಗಲೇ.”

ಅಕ್ಟೋಬರ್ 11, ಶನಿವಾರ

ವಾರವಿಡೀ ಅದೇ ಒಗಟು. ಕಚೇರಿಯಲ್ಲಿ ಬಿಲ್ಲು ಬರೆಯುವಾಗಲೂ ಅ‍ದೇ. ದೋಣಿ ಅಂದುಕೊಂಡೆ, ಬರಿದಾದ ದೋಣಿ ಹಗುರವೇ ಇರುತ್ತೆ. ಕೊಡವೂ ಅಷ್ಟೆ. ಸಂತೆಗೆ ಒಯ್ದ ಬುಟ್ಟಿ ಅಂದುಕೊಂಡೆ. ಮರಿವಿಕ್ ಗರ್ಭಿಣಿಯ ಹೊಟ್ಟೆ ಅಂದಳು, ಆಮೇಲೆ ಅವಳೇ ಬೇಡ ಅಂದಳು.

ಇವತ್ತು ಬಂದರಿನ ಹತ್ತಿರ ಒಬ್ಬ ಹೆಂಗಸು ಮಗಳನ್ನು ಮನಿಲಾದ ಹಡಗಿಗೆ ಹತ್ತಿಸಿ ವಾಪಸಾಗುತ್ತಿದ್ದಳು. ಮಗಳ ಕೈ ಹಿಡಿದು ಬಂದಿದ್ದ ಬಲಗೈ ಎಲ್ಲಿಡಬೇಕೋ ತಿಳಿಯದೆ, ಒಮ್ಮೆ ಸೊಂಟದ ಮೇಲೆ, ಒಮ್ಮೆ ಕುತ್ತಿಗೆಯ ಹತ್ತಿರ ಇಡುತ್ತಾ ನಡೆಯುತ್ತಿದ್ದಳು. ನಾನು ಅಲ್ಲೇ ನಿಂತುಬಿಟ್ಟೆ.

ಮನೆಗೆ ಬಂದು ಸೈಟಿನ ಕೆಳಗಿರುವ ಪೆಟ್ಟಿಗೆಯಲ್ಲಿ ಬರೆದೆ: ಮಗಳನ್ನು ಕಳಿಸಿ ಬರುವ ತಾಯಿಯ ಕೈ. ಹೆಸರು ಬರೆಯುವ ಜಾಗ ಖಾಲಿ ಬಿಡಬಹುದಿತ್ತು. ಬರೆದೆ. ಅನ್ಸೆಲ್ಮೊ, ಪಕ್ಕದ ಮನೆ.

ಅಕ್ಟೋಬರ್ 12, ಭಾನುವಾರ

ಚರ್ಚಿನಲ್ಲಿ ಮನಾಂಗ್ ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದು ಮರಿವಿಕ್ ಜೊತೆ ಮಾತಾಡಿದರು, ನಾನು ಹತ್ತಿರ ಬಂದಾಗ ಛತ್ರಿ ಬಿಚ್ಚಿಕೊಂಡು ಹೊರಟರು.

ಊಟ ಮಾಡುತ್ತಿದ್ದಾಗ ಫೋನಿಗೆ ಅವರಿಂದ ಒಂದು ಸಾಲು ಬಂತು. ಜೂನ್ ಹನ್ನೆರಡರಿಂದ ಈಚೆಗೆ ನನ್ನ ಹೆಸರಿಗೆ ಬಂದ ಮೊದಲ ಮಾತು.

“ನಾನೂ ಅದನ್ನೇ ಹೇಳಿದ್ದೆ. ಲೋಲಾ ತುಂಬಾ ಹೊತ್ತು ನಕ್ಕು, ಅಲ್ಲ ಅಂದ್ರು.”